ಹೊಸ್ತಿಲಾಚೆಯ ಡಬ್ಬಿ

ಮಕ್ಕಳಿಲ್ಲದ ಅನಸೂಯಾ ಟೀಚರ್ ಹಾಲಿನ ಪುಡಿಯ ಡಬ್ಬಿ ಹಿಡಿದು ಹೊಸ್ತಿಲಿಗೆ ಬಂದದ್ದೇ, ಕಾಶಮ್ಮ ತೊಡೆಯ ಮೇಲಿದ್ದ ಮೊಮ್ಮಗುವಿಗೆ ಸೆರಗು ಮುಚ್ಚಿದರು. "ಇವಳ ಕಣ್ಣು ಬಿದ್ದೇ ನಿನ್ನ ಎದೆಹಾಲು ಬತ್ತಿದ್ದು," ಎಂದು ಸೊಸೆ ಜಯಶೀಲಾಗೆ, ಬಂದವಳಿಗೂ ಕೇಳುವಂತೆಯೇ ಅಂದರು.

ಭದ್ರಾವತಿಯ ಮಿಡ್ಲ್ ಸ್ಕೂಲಿನಲ್ಲಿ ಇಬ್ಬರೂ ಟೀಚರುಗಳು. ಪಾಠದ ನಡುವೆ ಎದೆ ಬಿಗಿದು ಜಯಶೀಲಾ ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲುವಾಗ ಬಾಗಿಲು ಕಾಯುತ್ತಿದ್ದವಳು ಅನಸೂಯಾ. ಹಾಲು ಕಡಿಮೆಯಾದಾಗ, ಶಿವಮೊಗ್ಗದಿಂದ ಡಬ್ಬಿ ತಂದುಕೊಡಿ ಎಂದು ಗುಟ್ಟಾಗಿ ಬೇಡಿಕೊಂಡವಳು ಜಯಶೀಲಾ.

"ಇದನ್ನ ತರೋಕೆ ನಿಮಗೆ ಯಾರು ಹೇಳಿದ್ರು?" ಅಂದುಬಿಟ್ಟಳು ಜಯಶೀಲಾ.

ಅನಸೂಯಾ ಒಂದು ಗಳಿಗೆ ಅವಳನ್ನೇ ನೋಡಿದಳು. "ಯಾರೂ ಹೇಳ್ಲಿಲ್ಲ. ನಾನಾಗೇ ತಂದೆ," ಎಂದು ಡಬ್ಬಿಯನ್ನು ಹೊಸ್ತಿಲಾಚೆಯೇ ಇಟ್ಟಳು. "ಕಾಯಿಸಿ ಆರಿಸಿದ ನೀರಲ್ಲೇ ಕದಡಿ." ಮಗುವಿನ ಕಡೆ ಅಪ್ಪಿತಪ್ಪಿಯೂ ಕಣ್ಣು ಹೋಗದಂತೆ, ತಲೆ ತಗ್ಗಿಸಿಕೊಂಡೇ ಮೆಟ್ಟಿಲಿಳಿದಳು.