ಒಪ್ಪಿಸುವ ಮುಂಚೆ

ಕಬ್ಬಿಣದ ಬಾಗಿಲು ಮುಚ್ಚಿದಾಗ ಕ್ಯಾಲೆಬ ತಲೆಯೆತ್ತಲಿಲ್ಲ. ಅದರಾಚೆ ಕೀಲಿ ತಿರುಗಿದ ಸದ್ದಿಗೆ ಓಡಿಹೋಗಿ ಬಾಗಿಲು ಬಡಿದ.

"ಸಾಹೇಬ್ರ! ನಾ ಒಳಗ ಇದ್ದೇನ್ರಿ! ಸಾಹೇಬ್ರ!"

ಕೇಳುವವರು ಯಾರು? ಮರುಕ್ಷಣ ದೀಪ ಆರಿತು. ಮೇನ್ ಸ್ವಿಚ್ಚನ್ನೂ ತೆಗೆದಿದ್ದರು. ಆಮೇಲೆ ಕಚೇರಿಯ ಶಟರ್ ಗಡಗಡ ಇಳಿದ ಸದ್ದು ಬಂತು, ಅಷ್ಟೆ.

ಔರಾದಿನ ಆ ಪತ್ತಿನ ಸಂಘದ ಮ್ಯಾನೇಜರ್ ಧೊಂಡಿಬಾ ಅವರಿಗೆ ಬೆಳಗಿನಿಂದ ಒಂದೇ ಧ್ಯಾನ, ಭಾಲ್ಕಿಯಲ್ಲಿ ತಂಗಿಯ ಮಗಳ ಮದುವೆ. ತಿಜೋರಿ ಕೋಣೆಯ ದೊಡ್ಡ ಕಪಾಟಿನ ಹಿಂದೆ ಸ್ಟೂಲು ಹಾಕಿಕೊಂಡು ಕ್ಯಾಲೆಬ ಹೊಸ ಅಲಾರಮ್ಮಿನ ತಂತಿ ಎಳೆಯುತ್ತಿದ್ದ. ಹುಡುಗ ಚಹಾಕ್ಕೆ ಹೋಗಿರಬೇಕು ಎಂದುಕೊಂಡರೇನೋ ಪುಣ್ಯಾತ್ಮರು. ಒಂದು ಸಲ ಇಣುಕಿ ನೋಡಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಶನಿವಾರದ ಮಧ್ಯಾಹ್ನ. ಇನ್ನು ಬಾಗಿಲು ತೆರೆಯುವುದು ಸೋಮವಾರ. ಕ್ಯಾಲೆಬನಿಗೆ ಚಿಕ್ಕಂದಿನಿಂದ ದಮ್ಮು. ಉಸಿರು ಕಟ್ಟಿದಾಗ ಬಾಯಿಗೆ ಹೊಡೆದುಕೊಳ್ಳುವ ಪಂಪು ಹೊರಗೆ ಚೀಲದಲ್ಲಿತ್ತು, ಫೋನೂ ಅಲ್ಲೇ. ಕೋಣೆಗೆ ಕಿಟಕಿಯಿಲ್ಲ. ಇದ್ದದ್ದು ತಂತಿಗಾಗಿ ಅವನೇ ಮೇಲೆ ಕೊರೆದ, ಬೆರಳು ತೂರುವಷ್ಟು ಅಗಲದ ತೂತು. ಅದಕ್ಕೆ ಬಾಯಿಟ್ಟು ಕೂಗಿದ. ಆಚೆ ಖಾಲಿ ಹಾಲ್, ಅದರಾಚೆ ಶಟರ್, ಅದರಾಚೆ ಬಜಾರಿನ ಗದ್ದಲ. ಕೂಗಿದಷ್ಟೂ ಎದೆ ಸೀಟಿ ಹೊಡೆಯತೊಡಗಿತು.

ಉಳಿದದ್ದು ಅವನು ಕೂಡಿಸಲು ಬಂದಿದ್ದ ಅಲಾರಂ ಪೆಟ್ಟಿಗೆ ಒಂದೇ. ಸೈರನ್ ಇನ್ನೂ ಹೊರಗೆ ಡಬ್ಬಿಯಲ್ಲೇ ಇತ್ತು. ಆದರೆ ಪೆಟ್ಟಿಗೆಯಲ್ಲಿ ಬ್ಯಾಟರಿ ಇತ್ತು, ಸಿಮ್ ಇತ್ತು. ಅದನ್ನು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಅಲಾರಂ ನಿಗಾ ಕೇಂದ್ರಕ್ಕೆ ಜೋಡಿಸಿದರೆ ಅಪಾಯದ ಸುದ್ದಿ ಹೋಗುತ್ತದೆ. ಕೇಂದ್ರದವರು ಕೂಡಲೇ ಮ್ಯಾನೇಜರರಿಗೆ, ಪೊಲೀಸರಿಗೆ ಫೋನ್ ಮಾಡಿ ಜನರನ್ನು ಓಡಿಸುತ್ತಾರೆ.

ಅದೃಷ್ಟಕ್ಕೆ ಇವತ್ತು ಅಲ್ಲಿ ನಾಹೀದಳ ಪಾಳಿ. ಕೇಂದ್ರದಲ್ಲಿ ಅವಳಷ್ಟು ಕಟ್ಟುನಿಟ್ಟಿನವರಿಲ್ಲ. ಇಲಿ ಓಡಿ ಅಲಾರಂ ಆದರೂ ಸರಿ, ಆ ಕಡೆಯಿಂದ ಮನುಷ್ಯರ ದನಿ ಕೇಳುವತನಕ ಫೋನ್ ಬಿಡುವವಳಲ್ಲ. ಬೆಳಿಗ್ಗೆ ಸಂಘದ ವಿವರವನ್ನೆಲ್ಲ ಅವಳೇ ಕ್ಯಾಲೆಬನಿಂದ ಫೋನಿನಲ್ಲಿ ಕೇಳಿಕೊಂಡಿದ್ದಳು. ಅವನ ಪಕ್ಕದಲ್ಲಿದ್ದ ಧೊಂಡಿಬಾ ಅವರಿಗೆ ಆಗಲೇ ಗಾಬರಿ.

"ತಮ್ಮಾ, ನಾ ಮದುವಿ ಮನ್ಯಾಗ ಇರಾಂವ. ಟೆಸ್ಟಿಂಗು ಗಿಸ್ಟಿಂಗು ಅಂತ ನನ್ನ ತಲಿ ತಿನಬ್ಯಾಡ ನೋಡು."

"ಇಲ್ರಿ ಸಾಹೇಬ್ರ. ಸೋಮವಾರ ನಿಮ್ಮ ಕೈಗಿ ಒಪ್ಪಿಸೂತನಕ ಎಲ್ಲಾ ನನ್ನ ಮ್ಯಾಲೇ ಇರ್ತದರಿ."

ಒಪ್ಪಿಸುವ ಮುಂಚೆ ಗಿರಾಕಿಗೆ ತೊಂದರೆ ಕೊಡದಿರುವುದು ಈ ಕಸುಬಿನ ರೂಢಿ. ಹಿಂದೊಮ್ಮೆ ಭಾಲ್ಕಿಯ ತೊಗರಿ ವ್ಯಾಪಾರಿಯೊಬ್ಬ ಪರೀಕ್ಷೆಯ ಅಲಾರಮ್ಮಿಗೇ ಹೆದರಿ, ಉಣ್ಣುವ ತಾಟು ಬಿಟ್ಟೆದ್ದು, ಪೊಲೀಸರನ್ನು ಕರೆತಂದು ಊರ ಮುಂದೆ ನಗೆಪಾಟಲಾಗಿದ್ದ.

ಕ್ಯಾಲೆಬ ಪೆಟ್ಟಿಗೆಯ ಮಿಣುಕು ಬೆಳಕಿನಲ್ಲಿ ಕೇಂದ್ರದ ನಂಬರು ಒತ್ತಿದ. ಸಂಘದ ಗುರುತಿನ ಸಂಖ್ಯೆ ಒತ್ತಿದ. ಅಪಾಯದ ಬಟನ್ ಅದುಮಿದ. ಕೆಂಪು ದೀಪ ಹೊತ್ತಿತು. ಸಂಪರ್ಕವಿಲ್ಲ.

ಮತ್ತೆ ಒತ್ತಿದ. ಮತ್ತೆ ಕೆಂಪು.

ಗೋಡೆ ಕಳ್ಳರನ್ನು ತಡೆಯಲೆಂದು ಕಟ್ಟಿದ್ದು, ಸಿಗ್ನಲ್ಲನ್ನೂ ಬಿಡುತ್ತಿರಲಿಲ್ಲ. ಆಂಟೆನಾ ಹಾಲ್‌ಗೆ ಹೋಗಬೇಕು. ಅದರ ಬುಡ ತೂತಿಗಿಂತ ದಪ್ಪ. ತಂತಿ ಕಡಿಯದಂತೆ ಇಕ್ಕಳದಿಂದ ಬುಡ ಮುರಿದ, ಬೆರಳು ಹರಿದು ರಕ್ತ ಬಂತು. ಸ್ಟೂಲು ಹತ್ತಿ ಕಡ್ಡಿಯನ್ನು ತೂತಿನಲ್ಲಿ ತೂರಿಸಿದ. ಕಣ್ಣಿಗೆ ಕತ್ತಲು ಬಂತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಮೊಂಡಾಟ ಮಾಡುತ್ತಿತ್ತು. ನಾಳೆ ಚರ್ಚಿನಲ್ಲಿ ಮಗಳು ಸ್ವೀಟಿ ಮೊದಲ ಸಲ ಒಬ್ಬಳೇ ನಿಂತು ಹಾಡುವವಳಿದ್ದಳು. ಅವನಿಗೆ ಅಳು ಬಂತು. ಅಳುವುದಕ್ಕೂ ಉಸಿರು ಬೇಕಲ್ಲ, ಬಿಟ್ಟ.

"ಯೇಸಪ್ಪಾ, ಇದೊಂದ್ ಸಲ ಹತ್ತಸಪ್ಪಾ," ಎಂದು ಬಟನ್ ಅದುಮಿದ.

ಕೆಂಪು ಮಿನುಗಿತು. ನಿಂತಿತು. ಹಸಿರಾಯಿತು.

ಸುದ್ದಿ ಮುಟ್ಟಿತ್ತು! ಕ್ಯಾಲೆಬ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತ. ನಗಲು ಹೋಗಿ ಕೆಮ್ಮಿದ. ಈಗ ನಾಹೀದಳ ಪರದೆಯ ಮೇಲೆ ಔರಾದು ಕೆಂಪಗೆ ಹೊಳೆಯುತ್ತಿರಬೇಕು. ಅವಳು ಫೋನ್ ಎತ್ತಿಕೊಂಡಿರಬೇಕು. ಅವಳು ಬಿಡುವವಳಲ್ಲ. ಇನ್ನು ಶಟರ್ ಏಳುವ ಸದ್ದಿಗೆ ಕಿವಿ ಕೊಟ್ಟು ಕೂತರಾಯಿತು.

ಶಟರ್ ಏಳಲಿಲ್ಲ. ತೂತಿನಿಂದ ಬೇರೆ ಸದ್ದು ಬಂತು. ಹೊರಗೆ ಅವನ ಫೋನ್ ಬಡಿದುಕೊಳ್ಳುತ್ತಿತ್ತು. ಸ್ವೀಟಿ ಹಟ ಹಿಡಿದು ರಿಂಗಿಗೆ ತನ್ನದೇ ದನಿ ಹಾಕಿಸಿದ್ದಳು. "ಪಪ್ಪಾ, ಫೋನ್ ಎತ್ತು! ಪಪ್ಪಾ, ಫೋನ್ ಎತ್ತು!"

ಹೆಂಡತಿ ಎಲೀನಾ ಇರಬೇಕು, ಊಟಕ್ಕೆ ಬರಲಿಲ್ಲವೆಂದು. ಪಾಪ, ಅವಳಿಗೇನು ಗೊತ್ತು.

ರಿಂಗು ನಿಂತಿತು. ಕೂಡಲೇ ಮತ್ತೆ ಶುರುವಾಯಿತು. ನಿಂತಿತು. ಮತ್ತೆ ಬಂತು. ಎಲೀನಾ ಒಂದು ಸಲ ಮಾಡಿ ಸುಮ್ಮನಾಗುವ ಹೆಂಗಸು. ಇಷ್ಟು ಪಟ್ಟು ಹಿಡಿದು ಫೋನ್ ಮಾಡುವವಳು ಅವನಿಗೆ ಗೊತ್ತಿದ್ದಂತೆ ಒಬ್ಬಳೇ.

ಸೋಮವಾರ ಒಪ್ಪಿಸುವತನಕ ಇರಲಿ ಎಂದು, ಮ್ಯಾನೇಜರರ ಜಾಗಕ್ಕೂ ಪೊಲೀಸ್ ಠಾಣೆಯ ಜಾಗಕ್ಕೂ ಅವನು ಬೆಳಿಗ್ಗೆ ನಾಹೀದಳಿಗೆ ಹೇಳಿದ್ದು ಒಂದೇ ನಂಬರು, ತನ್ನದೇ.