ತರಂಗಾಕಾರದ ಕೂದಲು

"ಕೂದಲು ನೇರವಾ, ತರಂಗಾಕಾರವಾ, ಗುಂಗುರಾ?"

ಪೇದೆ ಅರ್ಚನ ಕಾಣೆಯಾದವರ ಫಾರಂ ನೋಡಿಕೊಂಡು ಕೇಳಿದಾಗ ಪಾಪಕ್ಕ ಮೂರನೇ ಸಲ ಬೆಂಚಿನಿಂದ ಎದ್ದು ಕಿಟಕಿಗೆ ಹೋಗಿದ್ದಳು. ಬಂಗಾರಪೇಟೆ ಠಾಣೆಯ ಮುಂದೆ ಬೂದಿಕೋಟೆ ಬಸ್ಸು ನಿಂತು ಹೊರಟಿತು. ಇಳಿದವರಲ್ಲಿ ಸುಮಿತಾ ಇರಲಿಲ್ಲ.

ಬೆಳಿಗ್ಗೆ ಹಾಲು ಹಾಕಿಬರಲು ಹೋದ ಮಗಳು ಹಿಂತಿರುಗಿರಲಿಲ್ಲ. ಡೇರಿ ಕಟ್ಟೆಯ ಮೇಲೆ ಖಾಲಿ ಕ್ಯಾನು ಮಾತ್ರ ಇತ್ತು. ಅದನ್ನೇ ಹಿಡಿದುಕೊಂಡು ಪಾಪಕ್ಕ ಇಲ್ಲಿಗೆ ಓಡಿಬಂದಿದ್ದಳು.

"ಎಲ್ಡನೇದು ಏನಂದೆ ತಾಯಿ? ಅಂಗಂದ್ರೇನು?"

"ಅಲೆ ಅಲೆಯಾಗಿ ಇರೋದಮ್ಮಾ. ಅಗೋ, ಆ ಶೀಟು ಇದೆಯಲ್ಲ, ಹಂಗೆ." ಅರ್ಚನ ಬೈಕುಗಳ ಮೇಲಿನ ತಗಡಿನ ಚಪ್ಪರ ತೋರಿಸಿದಳು.

"ಥೂ, ತಗಡಂತೆ! ಕೆರೆ ಮ್ಯಾಲೆ ಗಾಳಿ ಬೀಸ್ದಂಗಿರ್ತದೆ ನನ್ ಮಗಳ ಕೂದ್ಲು. ಎಷ್ಟು ಎಣ್ಣೆ ಮೆತ್ತಿ ಜಡೆ ಬಿಗಿದ್ರೂ ಕಿವಿ ತಾವ ಎದ್ದು ನಿಂತ್ಕಂತದೆ. ಅವರಜ್ಜೀದೂ ಅಂಗೇ." ಪಾಪಕ್ಕನ ಕೈ ಗಾಳಿಯಲ್ಲಿ ಏರಿ ಇಳಿಯಿತು.

ಅರ್ಚನ ಗುರುತು ಹಾಕಿದಳು. "ಫೋಟೋ ಇದೆಯಾ?"

ಪಾಪಕ್ಕ ಮೊಬೈಲು ಚಾಚಿದಳು. ಅರ್ಚನ ಫೋಟೋ ನೋಡಿದಳು, ಫಾರಂ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಏನಮ್ಮಾ, ಇದರಲ್ಲಿ ಗೆರೆ ಎಳೆದಂಗೆ ನೆಟ್ಟಗಿದೆ! ಇವಳೇನಾ ನಿನ್ನ ಮಗಳು?"

ಪಾಪಕ್ಕ ಬೆಂಚಿಗೆ ಬಂದು ಕುಳಿತಳು. ಕ್ಯಾನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನೆನ್ನೆ ತೆಗ್ದಿದ್ದು. ಉರಿಗಾಂನಿಂದ ಗಂಡಿನ ಕಡೇರು ನೋಡಕ್ಕೆ ಬಂದಿದ್ರು. ಗಂಡಿನ ತಾಯಿಗೆ ಅಲೆ ಕೂದ್ಲು ಕೆದರ್ಕಂಡಂಗೆ ಕಾಣ್ತದೆ ಅಂತ ಮೊದ್ಲೇ ಯೋಳಿ ಕಳ್ಸಿದ್ರು. ಪಾರ್ಲರಿಗೆ ಕರ್ಕಂಡೋಗಿ ಇಸ್ತ್ರಿ ಮಾಡಿಸ್ದೆ. 'ಬ್ಯಾಡ ಕಣಮ್ಮಾ' ಅಂತ ಒಂದೇ ಸಲ ಅಂದ್ಲು. ಆಮೇಕೆ ಬಾಯೇ ಬಿಡ್ಲಿಲ್ಲ. ಅವ್ರು ಒಪ್ಕಂಡ್ರು. ನಾಳಿದ್ದು ತಾಂಬೂಲ."

ಅರ್ಚನ ಹಾಕಿದ ಗುರುತಿನ ಮೇಲೆ ಪೆನ್ನು ತಂದಳು. "ಹಂಗಾದ್ರೆ ನೇರ ಅಂತ ತಿದ್ತೀನಿ. ತಪ್ಪು ಬರೆದ್ರೆ ಹುಡುಕೋರು ಅವಳ ಪಕ್ಕದಲ್ಲೇ ಹಾದುಹೋಗ್ತಾರೆ."

ಸ್ಟೇಷನ್ನಿನ ಕಡೆ ರೈಲು ಕೂಗಿತು. ಪಾಪಕ್ಕ ಎದ್ದವಳೇ ಫಾರಂ ಮೇಲೆ ಅಂಗೈ ಇಟ್ಟಳು.

"ತಿದ್ದಬ್ಯಾಡ ತಾಯಿ. ಅಲೆ ಅಂತ್ಲೇ ಇರ್ಲಿ. ಆ ಇಸ್ತ್ರಿ ನೀರು ಬೀಳೋಗಂಟ ಅಷ್ಟೇ. ಎಲ್ಲಿದ್ರೂ ಸರಿ, ಮೊದ್ಲು ತಲೆ ತೊಳ್ಕಂಡಿರ್ತಾಳೆ ಅವ್ಳು."