ಬರೆದವರು ಯಾರು

ಕಡಲಿನ ಗಾಳಿ, ಅಲೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಕೋಡನ್ನು ಯಂತ್ರವೇ ಬರೆಯುತ್ತಿದ್ದರೂ ಅದರ ಕೆಳಗೆ ಬರೆದವರ ಜಾಗದಲ್ಲಿ ಮನುಷ್ಯರೊಬ್ಬರ ಹೆಸರಿರಬೇಕೆಂದು ಕಾನೂನಿತ್ತು. ಈ ಬಂದರಿನ ಮಟ್ಟಿಗೆ ಆ ಹೆಸರು ವಾರಿಜಾಳದ್ದು. ದಿನಾ ಬೆಳಿಗ್ಗೆ ಬರುವ ಹೊಸ ಕೋಡಿಗೆ ಫೋನಿನಲ್ಲಿ ಹೆಬ್ಬೆಟ್ಟು ಒತ್ತಿ ಅವಳು ಮಸಾಲೆ ಅರೆಯಲು ಕೂರುತ್ತಿದ್ದಳು. ಮುನ್ಸೂಚನೆ ತಪ್ಪಿದ ದಿನ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿತ್ತು.

ಇವತ್ತು ಕಡಲು ಶಾಂತವಾಗಿರುತ್ತದೆ ಎಂದಿತ್ತು ಕೋಡು. ಮಧ್ಯಾಹ್ನ ಗಾಳಿ ಎದ್ದಿತು. ವಾರಿಜಾಳ ತಮ್ಮ ದಾಮುವಿನ ದೋಣಿ ಮರಳಲಿಲ್ಲ. ಸಂಜೆ ಎಲ್ಲರೂ ಧಕ್ಕೆಯಲ್ಲಿ ಸೇರಿದರು. ದಾಮುವಿನ ಹೆಂಡತಿ ಗುಲಾಬಿ ಮುಂದೆ ಬಂದು, ಕೋಡು ತಪ್ಪಿದಾಗಿನ ವಾಡಿಕೆಯಂತೆ, "ಬರೆದವರು ಯಾರು?" ಎಂದು ಕೇಳಿದಳು.

"ನಾನು" ಎಂದಳು ವಾರಿಜಾ. ಬೇರೆ ಉತ್ತರಕ್ಕೆ ನಿಯಮದಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಯಂತ್ರ ತನ್ನ ತಪ್ಪು ತಿದ್ದಿಕೊಂಡು, ದೋಣಿ ಯಾವ ಕಡೆ ತೇಲಿರಬಹುದೆಂದು ತಿಳಿಸುವ ಹೊಸ ಕೋಡು ಬರೆದಿತ್ತು. ಹೆಬ್ಬೆಟ್ಟು ಬೀಳದೆ ಹುಡುಕುವ ಬೋಟುಗಳು ಹೊರಡುವಂತಿರಲಿಲ್ಲ.

ವಾರಿಜಾ ಮೊದಲ ಸಲ ಕೋಡು ಓದತೊಡಗಿದಳು. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಮತ್ತೆ ಮೊದಲಿಂದ ಓದಿದಳು.

"ಈಗ ಓದಿ ಏನಾಗ್ಬೇಕು?" ಗುಲಾಬಿ ಅವಳ ಕೈ ಹಿಡಿದಳು. "ಒತ್ತು ಮಾರಾಯ್ತಿ, ಕತ್ತಲಾಗ್ತಾ ಬಂತು."

ವಾರಿಜಾ ಎಂದಿನ ಹಾಗೆಯೇ ಒತ್ತಿದಳು.